ಸಣ್ಣ ರಿಯಾಕ್ಟರ್ ಬಂದರೆ ತೋಟಕ್ಕೆ ಕರೆಂಟ್ ಬರುತ್ತಾ?

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರರು): ಸರ್, ಮಳೆಗಾಲ ಬಂತು ಅಂದರೆ ನಮ್ಮಲ್ಲಿ ಮೂರು ದಿನ ಕರೆಂಟ್ ಇರಲ್ಲ. ಸಣ್ಣ ಅಣು ರಿಯಾಕ್ಟರ್ ಕಾರ್ಖಾನೆಯಲ್ಲೇ ತಯಾರಾಗಿ ಲಾರಿಯಲ್ಲಿ ಬರುತ್ತಂತೆ. ಹಾಸನಕ್ಕೆ ಒಂದು ತಂದು ಕೂರಿಸೋಕೆ ವಿದ್ಯುತ್ ಕಂಪನಿಗಳು ಯಾಕೆ ಮುಂದೆ ಬರಲ್ಲ?

ಉತ್ತರ (ನಿವೃತ್ತ ಇಂಜಿನಿಯರ್, ಉತ್ಪಾದನಾ ಕಂಪನಿಯ ಪರವಾನಗಿ ವಿಭಾಗದಲ್ಲಿದ್ದವರು): ಮೊದಲು ನಿಮ್ಮ ಕತ್ತಲೆಯ ವಿಷಯ. ಅದಕ್ಕೆ ಕಾರಣ ಉತ್ಪಾದನೆಯ ಕೊರತೆ ಅಲ್ಲ, 11 ಕೆವಿ ಲೈನ್ ಮೇಲೆ ಬಿದ್ದ ಸಿಲ್ವರ್ ಓಕ್ ಕೊಂಬೆ. ಗೊರೂರಿನಲ್ಲೇ ರಿಯಾಕ್ಟರ್ ನಿಂತರೂ ಆ ಕೊಂಬೆ ತೆಗೆಯೋಕೆ ಲೈನ್‌ಮ್ಯಾನೇ ಬರಬೇಕು.

ಈಗ ಹಿಂದೇಟಿನ ಕಾರಣ. 300 ಮೆಗಾವ್ಯಾಟ್ ಒಳಗಿನದನ್ನು ಸಣ್ಣದು ಅಂತೀವಿ. ಯಂತ್ರ ಸಣ್ಣದು, ಫೈಲ್ ಸಣ್ಣದಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಜಾಗ, ನಿರ್ಮಾಣ, ಕಮಿಷನಿಂಗ್ (ಪರೀಕ್ಷೆ ಮಾಡುತ್ತಾ ಮೊದಲ ಸಲ ಚಾಲೂ ಮಾಡೋದು), ಚಾಲನೆ ಅಂತ ಹಂತ ಹಂತವಾಗಿ ಒಪ್ಪಿಗೆ ಕೊಡುತ್ತೆ. ಕೊನೆಗೆ ಉತ್ತರ ಕೊಡಬೇಕಾದವನು ಯಂತ್ರ ಮಾರಿದವನಲ್ಲ, ನಡೆಸುವವನು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪೈಪು ಜೋಡಿಸುವ ಒಂದು ಫ್ಲ್ಯಾಂಜಿನ ಬೋಲ್ಟ್‌ಗಳನ್ನೆಲ್ಲ ಬಿಗಿ ಮಾಡಿ ಮುಗಿಸಿದ್ದೆವು. ಸಂಜೆ ನೋಡಿದರೆ ಟಾರ್ಕ್ ವ್ರೆಂಚು (ಬೋಲ್ಟನ್ನು ಅಳತೆಯಷ್ಟೇ ಬಿಗಿಯುವ ಸ್ಪ್ಯಾನರ್) ಸರಿ ಇದೆ ಅನ್ನೋ ಕ್ಯಾಲಿಬ್ರೇಷನ್ ಚೀಟಿಯ ದಿನಾಂಕ ಎರಡು ದಿನದ ಹಿಂದೆಯೇ ಮುಗಿದಿತ್ತು. ಎಲ್ಲ ಬೋಲ್ಟ್ ಬಿಚ್ಚಿ ಮತ್ತೆ ಬಿಗಿದೆವು. ಅವತ್ತು ಸಿಟ್ಟು ಬಂದಿತ್ತು. ಅದೇ ಸರಿ ಅಂತ ಈಗ ಗಟ್ಟಿಯಾಗಿ ಹೇಳ್ತೀನಿ. ಆ ಶಿಸ್ತಿಗೆ ಬೇಕಾದ ಜನ 55 ಮೆಗಾವ್ಯಾಟ್‌ಗೂ ಬೇಕು, 700ಕ್ಕೂ ಬೇಕು. ಅದಕ್ಕೇ ಒಂದೇ ಒಂದು ಸಣ್ಣ ಘಟಕ ಹಾಕಿದರೆ ಯೂನಿಟ್ ದರ ಗಿಟ್ಟಲ್ಲ.

ಅಮೆರಿಕದ ಐಡಹೋದಲ್ಲಿ ಆದದ್ದು ಇದೇ ಜಾತಿಯ ಕಥೆ. ನುಸ್ಕೇಲ್ ಕಂಪನಿಯ ಸಣ್ಣ ರಿಯಾಕ್ಟರ್ ವಿನ್ಯಾಸಕ್ಕೆ ಅಲ್ಲಿನ ನಿಯಂತ್ರಕರ ಪ್ರಮಾಣಪತ್ರ 2023ರ ಜನವರಿಯಲ್ಲಿ ಸಿಕ್ಕಿತು. ಆ ಹೊತ್ತಿಗೆ ಐಡಹೋದಲ್ಲಿ ಹಾಕಬೇಕಿದ್ದ ಆರು ಘಟಕಗಳ ಅಂದಾಜು ವೆಚ್ಚ 530 ಕೋಟಿ ಡಾಲರಿನಿಂದ 930 ಕೋಟಿಗೆ ಏರಿತ್ತು, ಕರೆಂಟಿನ ಗುರಿ ದರ ಮೆಗಾವ್ಯಾಟ್-ಗಂಟೆಗೆ (ಸಾವಿರ ಯೂನಿಟ್‌ಗೆ) 58 ಡಾಲರ್ ಇದ್ದದ್ದು 89 ಆಗಿತ್ತು. ಪುರಸಭೆಗಳ ವಿದ್ಯುತ್ ಸಂಸ್ಥೆಗಳು ಸಾಕಷ್ಟು ಸಂಖ್ಯೆಯಲ್ಲಿ ಖರೀದಿಗೆ ಸಹಿ ಹಾಕಲಿಲ್ಲ. ನವೆಂಬರಿನಲ್ಲಿ ಯೋಜನೆ ಕೈಬಿಟ್ಟರು. ವಿನ್ಯಾಸಕ್ಕೆ ಪ್ರಮಾಣಪತ್ರ ಇತ್ತು, ಸಾಕಷ್ಟು ಗಿರಾಕಿ ಇರಲಿಲ್ಲ.

ಕೆನಡಾದ ಡಾರ್ಲಿಂಗ್ಟನ್ ದಾರಿ ಬೇರೆ. ಹಳೆಯ ಅಣು ಸ್ಥಾವರದ ಪಕ್ಕದ ಜಾಗ, ನೆಲ ಸಿದ್ಧಪಡಿಸುವ ಪರವಾನಗಿ 2012ರಿಂದಲೇ ಕೈಯಲ್ಲಿತ್ತು. ಒಂದೇ ಮಾದರಿಯ 300 ಮೆಗಾವ್ಯಾಟಿನ ನಾಲ್ಕು ಘಟಕಗಳ ಯೋಜನೆ. ಮೊದಲನೆಯದಕ್ಕೆ 2025ರ ಏಪ್ರಿಲಿನಲ್ಲಿ ನಿರ್ಮಾಣ ಪರವಾನಗಿ ಬಂತು. ನಾಲ್ಕಕ್ಕೂ ಸೇರಿ 2,090 ಕೋಟಿ ಕೆನಡಾ ಡಾಲರ್. ಅಗ್ಗವೇನಲ್ಲ.

ಪ್ರಶ್ನೆ (ಅರಕಲಗೂಡು): ಹೇಮಾವತಿ ನೀರು ಸಾಕಾಗುತ್ತಾ? ನಾಲೆಗೇ ನೀರು ಬಿಡಲ್ಲ ಅಂತಾರೆ.

ಉತ್ತರ: ಲೆಕ್ಕ ಹಾಕೋಣ. ಕೂಲಿಂಗ್ ಟವರ್ ಇಟ್ಟರೆ ಒಂದು ಯೂನಿಟ್ ಕರೆಂಟಿಗೆ ಸುಮಾರು ಎರಡೂವರೆ ಲೀಟರ್ ನೀರು ಆವಿಯಾಗುತ್ತೆ. 220 ಮೆಗಾವ್ಯಾಟ್ ಘಟಕ ದಿನಕ್ಕೆ ಸುಮಾರು 52 ಲಕ್ಷ ಯೂನಿಟ್ ಕೊಡುತ್ತೆ, ಅಂದರೆ 1.3 ಕೋಟಿ ಲೀಟರ್ ನೀರು. ವರ್ಷಕ್ಕೆ ಟಿಎಂಸಿಯ ಐದನೇ ಒಂದು ಪಾಲಿಗಿಂತ ಕಡಿಮೆ. ಗೊರೂರಿನ ಹೇಮಾವತಿ ಡ್ಯಾಮಿನ ಸಾಮರ್ಥ್ಯ 37 ಟಿಎಂಸಿ. ಹಾಗಾಗಿ ಪ್ರಮಾಣ ದೊಡ್ಡದಲ್ಲ, ಖಾತರಿ ದೊಡ್ಡದು. ರಿಯಾಕ್ಟರ್ ನಿಲ್ಲಿಸಿದ ಕ್ಷಣದಲ್ಲೂ ಪೂರ್ಣ ಶಾಖದ ಶೇ. 6ರಿಂದ 7ರಷ್ಟು ಉಳಿದಿರುತ್ತೆ, ಒಂದು ದಿನ ಕಳೆದರೂ ಶೇ. ಅರ್ಧದ ಆಸುಪಾಸು. ಬರಗಾಲದ ಮೇ ತಿಂಗಳಲ್ಲಿ ರೈತರು ಡ್ಯಾಮಿನ ಗೇಟಿನ ಮುಂದೆ ಕೂತಿದ್ದರೂ ಈ ತಂಪಿನ ನೀರಿಗೆ ಅಡ್ಡಿ ಆಗಬಾರದು. ಕಾವೇರಿ ಕಣಿವೆಯಲ್ಲಿ ಅಂಥ ಮಾತು ಕೊಡೋದು ಸುಲಭವಲ್ಲ, ಕೊಡುವ ಮುಂಚೆ ನಿಮ್ಮನ್ನು ಕೇಳಲೇಬೇಕು.

ಪ್ರಶ್ನೆ (ಚಿಕ್ಕಮಗಳೂರು): ನೀವೇ ಕಂಪನಿಯ ಮುಖ್ಯಸ್ಥರಾಗಿದ್ದರೆ ಏನು ಮಾಡ್ತಿದ್ರಿ?

ಉತ್ತರ: ಘಟ್ಟದ ಅಂಚಿಗೆ ಕಾಲಿಡ್ತಿರಲಿಲ್ಲ. ಗುಡ್ಡ ಕುಸಿತ, ಆನೆ ದಾರಿ, ಜೊತೆಗೆ ಸ್ಥಾವರಕ್ಕೇ ಹೊರಗಿನಿಂದ ಕರೆಂಟ್ ತರುವ ಲೈನುಗಳು ಮಳೆಗೆ ಬೀಳದಂತೆ ಕಾಯಬೇಕು. 2025ರ ಬಜೆಟ್ಟಿನಲ್ಲಿ ಸಣ್ಣ ರಿಯಾಕ್ಟರ್ ಸಂಶೋಧನೆಗೆ 20,000 ಕೋಟಿ ರೂಪಾಯಿ ಇಟ್ಟು, 2033ರೊಳಗೆ ಕನಿಷ್ಠ ಐದು ದೇಶಿ ಘಟಕ ನಡೆಸುವ ಗುರಿ ಹೇಳಿದ್ದಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಅಣು ವಿದ್ಯುತ್ತಿನ ಹೊಸ ಕಾನೂನು, ಶಾಂತಿ ಕಾಯ್ದೆ, ಖಾಸಗಿಯವರಿಗೂ ಬಾಗಿಲು ತೆರೆಯಿತು. ಹೊಸ 200 ಮೆಗಾವ್ಯಾಟ್ ವಿನ್ಯಾಸದ ಮೊದಲ ಗಿರಾಕಿ ನಾನಾಗ್ತಿರಲಿಲ್ಲ. 220 ಮೆಗಾವ್ಯಾಟ್ ಭಾರಜಲ ರಿಯಾಕ್ಟರನ್ನೇ ಆರಿಸ್ತಿದ್ದೆ. ಕೈಗಾದ ಮೊದಲ ಘಟಕ 2018ರ ಕೊನೆಯವರೆಗೆ 962 ದಿನ ನಿಲ್ಲದೆ ಓಡಿದ್ದು ಅದೇ ಜಾತಿಯದು. ನಿಯಂತ್ರಕರಿಗೆ ಅದರ ಗುಣ ಗೊತ್ತು, ನಡೆಸುವವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಆದರೂ ಜಾಗಕ್ಕೆ ಜನ ಒಪ್ಪದೆ ಅರ್ಜಿಗೆ ಸಹಿ ಹಾಕ್ತಿರಲಿಲ್ಲ.

ಸಕಲೇಶಪುರದವರಿಗೆ ಒಂದು ಮಾತು: ಕೊಂಬೆ ಕಡಿಸುವ ಅರ್ಜಿಯನ್ನು ಏಪ್ರಿಲಿನಲ್ಲೇ ಸೆಕ್ಷನ್ ಆಫೀಸಿಗೆ ಕೊಡಿ. ತೋಟದ ಹೆಸರಿನ ಜೊತೆ ಕಂಬದ ನಂಬರನ್ನೂ ಬರೆಯಿರಿ, ಲೈನ್‌ಮ್ಯಾನ್‌ಗೆ ಹುಡುಕೋಕೆ ಸುಲಭ.