ನಮ್ಮ ರಾಜ್ಯಕ್ಕೂ ಬಿಗಿ ಕಾನೂನು ಬೇಕಲ್ವಾ?

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ):
ಮಗಳಿಗೆ ಒಂಬತ್ತು ವರ್ಷ. ಟ್ಯೂಷನ್ ಆಟೋ ಸ್ವಲ್ಪ ತಡವಾದರೂ ಗೇಟಿನ ಹತ್ತಿರ ನಿಂತುಬಿಡುತ್ತೇನೆ. ಅತ್ಯಾಚಾರಿಗಳಿಗೆ ಬೇಗ, ಕಠಿಣ ಶಿಕ್ಷೆ ಆಗಲಿ ಅಂತ ಆಂಧ್ರದವರು 2019ರಲ್ಲಿ ದಿಶಾ ಮಸೂದೆ ತಂದರು, ಪಶ್ಚಿಮ ಬಂಗಾಳದವರು 2024ರಲ್ಲಿ ಅಪರಾಜಿತಾ ತಂದರು. ಮಕ್ಕಳ ಮೈಮೇಲೆ ಕೈಹಾಕುವವರಿಗೆ ನಮ್ಮಲ್ಲೂ ಅಂಥ ಕಾನೂನು ಬೇಡವಾ? ಶಾಸಕರಿಗೆ ಮನವಿ ಕೊಡಬೇಕು ಅಂತಿದ್ದೇನೆ. ಏನು ಬರೆಯಲಿ?

ಉತ್ತರ 1 (ವಕೀಲ, ದಾವಣಗೆರೆ):
ಮೇಡಂ, ವಿಧಾನಸಭೆಯಲ್ಲಿ ಪಾಸಾದರೆ ಮುಗಿಯಲಿಲ್ಲ. ಕೇಂದ್ರದ ಕಾನೂನನ್ನು ಬದಲಿಸುವಂತಿದ್ದರೆ ರಾಷ್ಟ್ರಪತಿಗಳ ಅಂಕಿತ ಬೇಕು. ದಿಶಾ ಅಲ್ಲೇ ನಿಂತಿತು. ಶಿಕ್ಷೆ ಈಗಲೇ ಕಠಿಣ ಇದೆ. 2019ರ ತಿದ್ದುಪಡಿ ಆದಮೇಲೆ ಪೋಕ್ಸೋದಲ್ಲಿ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕೇಂದ್ರದ ಕಾಯ್ದೆ) ಅತಿ ಗಂಭೀರ ಕೇಸಿಗೆ ಕನಿಷ್ಠ 20 ವರ್ಷ, ಗಲ್ಲಿನವರೆಗೂ ಹೋಗಬಹುದು. ವಿಚಾರಣೆಯನ್ನು ಆದಷ್ಟು ಒಂದು ವರ್ಷದೊಳಗೆ ಮುಗಿಸಬೇಕು ಅಂತಲೂ ಇದೆ. ಎಳೆಯುವುದು ಅಲ್ಲೇ. ವಾಯಿದೆ ಮೇಲೆ ವಾಯಿದೆ, ಮಗು ಹೈಸ್ಕೂಲಿಗೆ ಬಂದಿರುತ್ತದೆ. ಸರ್ಕಾರಿ ವಕೀಲರು, ಬೇಗ ಬರುವ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ವಿಶೇಷ ಕೋರ್ಟ್ ಕೇಳಿ. ಇದೆಲ್ಲ ರಾಜ್ಯದ ಕೈಯಲ್ಲೇ ಇದೆ.

ಉತ್ತರ 2 (ನಿವೃತ್ತ ಶಿಕ್ಷಕಿ, ಹೊಳಲ್ಕೆರೆ):
ದೂರೇ ಬರದಿದ್ದರೆ ಯಾವ ಕಾನೂನು ಏನು ಮಾಡೀತು ತಂಗಿ? ಹೆಚ್ಚಿನ ಸಲ ಮಾಡಿದವನು ಗೊತ್ತಿದ್ದವನೇ. ಮರ್ಯಾದೆ ಹೋಗುತ್ತದೆ ಅಂತ ಮನೆಯವರೇ ಬಾಯಿ ಮುಚ್ಚಿಸುತ್ತಾರೆ. ಇದನ್ನು ನೋಡಿ ಹೊಟ್ಟೆ ಉರಿದಿದೆ. ಗೊತ್ತಿದ್ದೂ ಮುಚ್ಚಿಟ್ಟರೆ ಆರು ತಿಂಗಳು, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಇದನ್ನು, ಜೊತೆಗೆ ಮಕ್ಕಳ ಸಹಾಯವಾಣಿ 1098 ನಂಬರನ್ನು ಪ್ರತಿ ಶಾಲೆ ಗೋಡೆಯಲ್ಲಿ ಬರೆಸಲಿ ಅಂತ ಸೇರಿಸು.

ಪ್ರಶ್ನೆ ಕೇಳಿದವರು:
ಸರಿ ಅಕ್ಕಾ, ಸೇರಿಸುತ್ತೇನೆ. ಸರ್, ಕರಡು ಇಲ್ಲೇ ಹಾಕುತ್ತೇನೆ, ತಿದ್ದಿಕೊಡಿ.