ಎಬಿಎಸ್ ಲೈಟ್ ಬರುತ್ತೆ, ಹೋಗುತ್ತೆ: ಮಾಡ್ಯೂಲ್ ಬದಲಿಸಲೇಬೇಕಾ?

ಪ್ರಶ್ನೆ
2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 82,000 ಕಿ.ಮೀ. ಮಳೆಗಾಲ ಶುರುವಾದಾಗಿಂದ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಲೈಟ್ ಕಾಟ. ಕೀ ಆನ್ ಮಾಡಿದರೆ ಹೊತ್ತಿ ಆರುತ್ತೆ, 20-25ರ ಸ್ಪೀಡ್ ದಾಟಿದ್ದೇ ತಡ ಮತ್ತೆ ಹೊತ್ತುತ್ತೆ. ಬ್ರೇಕ್ ಹಿಡಿತ, ಬ್ರೇಕ್ ಆಯಿಲ್ ಎರಡೂ ಸರಿ ಇವೆ. ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡದೆಯೇ ಮಾಡ್ಯೂಲ್ (ಎಬಿಎಸ್ ನಿಯಂತ್ರಿಸೋ ಘಟಕ) ಹೋಗಿದೆ ಅಂತಾರೆ. ನನ್ನ ಬ್ಲೂಟೂತ್ ಒಬಿಡಿ ಡಾಂಗಲ್‌ನಲ್ಲಿ (ಗಾಡಿಯ ದೋಷದ ಕೋಡ್ ಓದಿ ಫೋನಿನಲ್ಲಿ ತೋರಿಸೋ ಸಾಧನ) ಯಾವ ಕೋಡೂ ಇಲ್ಲ. ಸೀಟ್ ಕ್ಲೀನ್ ಮಾಡಿಸಿದ ಮೇಲೆ ಏರ್‌ಬ್ಯಾಗ್ ಲೈಟೂ ಸೇರಿಕೊಂಡಿದೆ.

ಉತ್ತರ 1
ಮಾಡ್ಯೂಲ್‌ಗೆ ಈಗಲೇ ದುಡ್ಡು ಸುರೀಬೇಡಿ. ವೈರ್ ಪೂರ್ತಿ ತುಂಡಾಗಿದ್ದರೆ ಸಾಮಾನ್ಯವಾಗಿ ಕೀ ಆನ್ ಮಾಡಿದಾಗಲೇ ಲೈಟ್ ನಿಂತುಬಿಡುತ್ತೆ. ಗಾಡಿ ಓಡಿದ ಮೇಲೆ ಬರುತ್ತಿದೆ ಅಂದರೆ ನಾಲ್ಕರಲ್ಲಿ ಒಂದು ಚಕ್ರದ ವೇಗದ ಲೆಕ್ಕ ಉಳಿದ ಮೂರಕ್ಕೆ ತಾಳೆ ಆಗ್ತಿಲ್ಲ. ಚಕ್ರದ ವೇಗ ಅಳೆಯೋ ಸೆನ್ಸರ್ ತುದಿಗೆ ಕೆಸರು, ಅದು ಓದೋ ಹಲ್ಲಿನ ರಿಂಗ್‌ಗೆ ತುಕ್ಕು ಅಥವಾ ಬಿರುಕು, ಸಡಿಲವಾದ ಚಕ್ರದ ಬೇರಿಂಗ್, ಅಲುಗಾಡಿದಾಗ ಮಾತ್ರ ಕಡಿತವಾಗೋ ವೈರ್: ಇವುಗಳಲ್ಲಿ ಒಂದು.

ಡಾಂಗಲ್ ಖಾಲಿ ತೋರಿಸೋದು ಸಹಜ. ಅಗ್ಗದವು ಇಂಜಿನ್ನಿನ ಪಿ ಕೋಡ್ ಮಾತ್ರ ಓದುತ್ತವೆ. ಎಬಿಎಸ್‌ನ ಸಿ ಕೋಡ್, ಏರ್‌ಬ್ಯಾಗ್‌ನ ಬಿ ಕೋಡ್ ಓದೋ ಸ್ಕ್ಯಾನರ್ ಇರೋ ಕಡೆ ಹೋಗಿ. ಸಿ0035 ಅಂದರೆ ಮುಂದಿನ ಎಡ ಚಕ್ರ, ಸಿ0040 ಮುಂದಿನ ಬಲ, ಸಿ0045 ಹಿಂದಿನ ಎಡ, ಸಿ0050 ಹಿಂದಿನ ಬಲ. ಎಡ-ಬಲ ಡ್ರೈವರ್ ಕೂತ ದಿಕ್ಕಿನಿಂದ. ಗಾಡಿ ಮುಂದೆ ನಿಂತು ನೋಡಿ ತಪ್ಪು ಚಕ್ರ ಬಿಚ್ಚೋರು ಬೇಕಾದಷ್ಟು ಜನ. ಕೋಡ್ ಸಿಗದಿದ್ದರೆ ಲೈವ್ ಡೇಟಾ (ಸ್ಕ್ಯಾನರ್‌ನಲ್ಲಿ ಆ ಕ್ಷಣಕ್ಕೆ ಕಾಣೋ ಪ್ರತಿ ಚಕ್ರದ ವೇಗ) ಇಟ್ಟುಕೊಂಡು ನಿಧಾನಕ್ಕೆ ಓಡಿಸಿ; ಮೂರು ಚಕ್ರ 15 ತೋರಿಸುವಾಗ ಒಂದು 0ಗೆ ಬಿದ್ದರೆ ಅದೇ ಕಳ್ಳ.

ಉತ್ತರ 2
ಸೆನ್ಸರ್ ಬಿಚ್ಚೋ ವಿಚಾರ. ಹೆಚ್ಚಿನ ಗಾಡಿಗಳಲ್ಲಿ 10 ನಂಬರಿನ ಒಂದೇ ಬೋಲ್ಟ್. ತುಕ್ಕಿಗೆ ಕಚ್ಚಿಕೊಂಡಿದ್ದರೆ ಪ್ಲೈಯರ್‌ನಲ್ಲಿ ತಲೆ ತಿರುಚಬೇಡಿ, ಪ್ಲಾಸ್ಟಿಕ್ ಮುರಿದು ತುದಿ ಒಳಗೇ ಉಳಿಯುತ್ತೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ರಾತ್ರಿಯೆಲ್ಲ ಬಿಡಿ. ತುದಿಗೆ ಅಂಟಿದ ಕಬ್ಬಿಣದ ಪುಡಿ ಒರೆಸಿ, ಸೆನ್ಸರ್ ಕೂರೋ ಜಾಗದ ತುಕ್ಕನ್ನೂ ಉಜ್ಜಿ. ಅಲ್ಲಿ ತುಕ್ಕು ಉಬ್ಬಿದರೆ ಸೆನ್ಸರ್ ಮೇಲೆದ್ದು ರಿಂಗ್‌ನಿಂದ ದೂರವಾಗುತ್ತೆ. ಇರಬೇಕಾದ ಅಂತರವೇ ಸುಮಾರು 1 ಮಿ.ಮೀ.

ಹಳೇ ಮಾದರಿಯ ಕಾಯಿಲ್ (ತಂತಿ ಸುರುಳಿಯ) ಸೆನ್ಸರ್ ಆದರೆ ಮಲ್ಟಿಮೀಟರ್‌ನಲ್ಲಿ ಸಾಮಾನ್ಯವಾಗಿ 800ರಿಂದ 2,000 ಓಮ್ ಬರಬೇಕು. ಎಡ-ಬಲ ಹೋಲಿಸೋದು ಇನ್ನೂ ಒಳ್ಳೇದು. ಈಗಿನ ಆಕ್ಟಿವ್ (ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರೋ) ಸೆನ್ಸರ್‌ಗೆ ಓಮ್ ಅಳತೆ ನಡೆಯೋದಿಲ್ಲ, ಅದನ್ನ ಲೈವ್ ಡೇಟಾದಲ್ಲೇ ನೋಡಿ. ಇತ್ತೀಚೆಗೆ ಬೇರಿಂಗ್ ಬದಲಾಗಿದೆಯಾ? ಕೆಲವು ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲೇ ಆಯಸ್ಕಾಂತದ ರಿಂಗ್ ಇರುತ್ತೆ. ಅದನ್ನ ಉಲ್ಟಾ ಒತ್ತಿದರೆ ಸೆನ್ಸರ್ ಹೊಸದಾದರೂ ಸಿಗ್ನಲ್ ಬರೋಲ್ಲ.

ಉತ್ತರ 3
ಏರ್‌ಬ್ಯಾಗ್ ಲೈಟ್‌ಗೆ ಸೀಟಿನ ಕೆಳಗಿನ ಹಳದಿ ಕಪ್ಲರ್ (ವೈರ್ ಜೋಡಿಸೋ ಪ್ಲಗ್) ನೋಡಿ, ಸಡಿಲವಾಗಿರುತ್ತೆ ಅಥವಾ ನೀರು ಕುಡಿದಿರುತ್ತೆ. ಮುಟ್ಟೋ ಮುಂಚೆ ಕೀ ಆಫ್, ಬ್ಯಾಟರಿ ನೆಗೆಟಿವ್ ಬಿಚ್ಚಿ, ಕನಿಷ್ಠ 3 ನಿಮಿಷ ಕಾಯಿರಿ. ಆ ವೈರ್‌ಗೆ ಮಲ್ಟಿಮೀಟರ್ ಹಚ್ಚಲೇಬೇಡಿ, ಏರ್‌ಬ್ಯಾಗ್ ಸಿಡಿಯಬಹುದು. ಕಪ್ಲರ್ ಸರಿ ಕೂತ ಮೇಲೂ ಕೋಡ್ ನೆನಪಲ್ಲಿ ಉಳಿದು ಲೈಟ್ ಉರಿಯುತ್ತಿರಬಹುದು, ಸ್ಕ್ಯಾನರ್‌ನಲ್ಲಿ ಅಳಿಸಬೇಕು.

ಎರಡು ಮೂರು ಲೈಟ್ ಸ್ಟಾರ್ಟ್ ಮಾಡುವಾಗ ಒಟ್ಟಿಗೇ ಬರೋದಾದರೆ ಮೊದಲು ಬ್ಯಾಟರಿ: ನಿಂತಾಗ 12.6 ವೋಲ್ಟ್, ಇಂಜಿನ್ ಓಡುವಾಗ ಸುಮಾರು 14. ಮತ್ತೆ, ಎಬಿಎಸ್ ಜೊತೆ ಕೆಂಪು ಬ್ರೇಕ್ ಲೈಟೂ ಬಂದರೆ ಅದನ್ನ ಸುಳ್ಳು ಲೈಟ್ ಅಂದುಕೊಂಡು ಓಡಿಸಬೇಡಿ. ಆಯಿಲ್ ಪ್ರೆಷರ್ ಲೈಟಿಗೂ ಇದೇ ಮಾತು, ಕಂಡ ತಕ್ಷಣ ಗಾಡಿ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್.

ಪ್ರಶ್ನೆ ಕೇಳಿದವರು
ಸ್ಕ್ಯಾನ್‌ನಲ್ಲಿ ಸಿ0040 ಬಂತು. ಕಾಯಿಲ್ ಸೆನ್ಸರೇ: ಎಡ 1,120 ಓಮ್, ಬಲ 1,140. ಆದರೆ ಬಲಗಡೆ ಶಾಕ್ ಅಬ್ಸಾರ್ಬರ್ ಕ್ಲಿಪ್ ಹತ್ರ ವೈರ್ ಬಗ್ಗಿಸಿದರೆ ಮೀಟರ್ ಓಪನ್ (ಸಂಪರ್ಕ ಕಡಿತ) ತೋರಿಸುತ್ತೆ.

ಉತ್ತರ 2
ಸಿಕ್ತಲ್ಲ. ಹೊರಗಿನ ರಬ್ಬರ್ ಚೆನ್ನಾಗಿದ್ದು ಒಳಗೆ ತಾಮ್ರ ಮುರಿದಿದೆ. ವೈರ್ ಸಮೇತ ಸೆನ್ಸರ್ ಬದಲಿಸಿ. ದಿನಾ ಮಡಚೋ ಜಾಗದಲ್ಲಿ ಬೆಸುಗೆ ಹಾಕಿದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ಹೊಸದನ್ನ ಹಳೇ ಕ್ಲಿಪ್‌ಗಳಲ್ಲೇ ಕೂರಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರ್ ಬಿಗಿಯಾಗೋದಿಲ್ಲ, ಟೈರ್‌ಗೆ ತಾಗೋದಿಲ್ಲ ಅಂತ ನೋಡಿದ ಮೇಲೆ ಚಕ್ರ ಹಾಕಿ.