ಹವಾಯಿಯ ಕಾಡುಹಕ್ಕಿಗಳನ್ನು ಎಲ್ಲಿ ನೋಡಬಹುದು?

ಕುಕ್ಕರಹಳ್ಳಿ ನಡಿಗೆ:
ಎಲ್ಲರಿಗೂ ನಮಸ್ಕಾರ. ಬರುವ ಫೆಬ್ರವರಿಯಲ್ಲಿ ಮಗಳ ಕುಟುಂಬದೊಂದಿಗೆ ಹವಾಯಿಗೆ ಹೋಗುವ ಅವಕಾಶ ಕೂಡಿಬಂದಿದೆ. ಹೊನೊಲುಲುವಿಗೆ ಹೋಗಿಬಂದ ಪರಿಚಿತರು ತೋರಿಸಿದ ಚಿತ್ರಗಳಲ್ಲಿ ನಮ್ಮ ಗೊರವಂಕ, ಪಿಕಳಾರ, ಚುಕ್ಕೆ ಬೆಳವಗಳೇ ತುಂಬಿದ್ದವು. ಅಷ್ಟು ದೂರ ಹೋಗಿ ಮೈಸೂರಿನ ಹಿತ್ತಲಲ್ಲಿ ಕಾಣುವ ಹಕ್ಕಿಗಳನ್ನೇ ನೋಡಿಬರಲು ನನಗೆ ಮನಸ್ಸಿಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಅಲ್ಲಿನ ಕಾಡುಹಕ್ಕಿಗಳನ್ನು, ಮುಖ್ಯವಾಗಿ ಇಈವಿಯನ್ನು, ನೋಡಬೇಕಾದರೆ ಯಾವ ದ್ವೀಪವನ್ನು ಆರಿಸಿಕೊಳ್ಳಬೇಕು? ಮಂಡಿನೋವಿನಿಂದಾಗಿ ಕಡಿದಾದ ಏರು ಹತ್ತುವುದು ನನಗೆ ಆಗದು.

ಫ್ರೀಮಾಂಟ್ ಹಕ್ಕಿಪ್ರಿಯ:
ಮೇಡಂ, ನಿಮ್ಮ ಪರಿಚಿತರು ಕಂಡದ್ದು ಸರಿಯಾಗಿಯೇ ಇದೆ. ಸೈನಿಕ ಹುಳುಗಳ ಹತೋಟಿಗೆಂದು 1865ರಲ್ಲಿ ಭಾರತದಿಂದ ಗೊರವಂಕವನ್ನು ಅಲ್ಲಿಗೆ ತಂದು ಬಿಟ್ಟರು. ಕಬ್ಬಿನ ಗದ್ದೆಯ ಇಲಿಗಳಿಗೆಂದು 1883ರಲ್ಲಿ ಮುಂಗುಸಿಯನ್ನು ತಂದರು. ಅದು ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಗಳಿಗೆ ಬಾಯಿಹಾಕಿತು. ಆದರೆ ಎಲ್ಲಕ್ಕಿಂತ ದೊಡ್ಡ ಕೇಡು ಮಾಡಿದ್ದು ಸೊಳ್ಳೆ. ಅದುವರೆಗೆ ಸೊಳ್ಳೆಯೇ ಇಲ್ಲದಿದ್ದ ಆ ದ್ವೀಪಗಳಿಗೆ 1826ರ ಸುಮಾರಿಗೆ ಹಡಗಿನ ನೀರಿನ ಪೀಪಾಯಿಗಳಲ್ಲಿ ಅದು ಬಂದಿತೆಂದು ಹೇಳುತ್ತಾರೆ. ಮುಂದೆ ಹೊರಗಿನ ಹಕ್ಕಿಗಳೊಂದಿಗೆ ಹಕ್ಕಿಮಲೇರಿಯಾವೂ ಬಂದಿತು. ಈ ರೋಗವನ್ನು ಎಂದೂ ಕಾಣದೆ ವಿಕಾಸಗೊಂಡ ಇಈವಿಯಂತಹ ಹಕ್ಕಿಗೆ ಸೋಂಕಿತ ಸೊಳ್ಳೆಯ ಒಂದು ಕಡಿತವೇ ಬಹುಮಟ್ಟಿಗೆ ಸಾವು. ಸುಮಾರು 1500 ಮೀಟರಿಗಿಂತ ಮೇಲಿನ ಚಳಿಯಲ್ಲಿ ಸೊಳ್ಳೆಗಳು ವಿರಳವಾಗುವುದರಿಂದಲೂ ರೋಗಾಣು ಸರಿಯಾಗಿ ಬೆಳೆಯದಿರುವುದರಿಂದಲೂ ಉಳಿದ ಹಕ್ಕಿಗಳು ಅಲ್ಲಿಗೆ ಸರಿದಿವೆ. ಆದ್ದರಿಂದ ಯಾವ ದ್ವೀಪ ಎನ್ನುವುದಕ್ಕಿಂತ ಎಷ್ಟು ಎತ್ತರ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ನಿಮಗೆ ನಾನು ಸೂಚಿಸುವುದು ಮಾವಿ ದ್ವೀಪದ ಹಾಲೆಅಕಲಾ ರಾಷ್ಟ್ರೀಯ ಉದ್ಯಾನದಲ್ಲಿರುವ ಹಾಸ್ಮರ್ ಗ್ರೋವ್. ಸುಮಾರು 2000 ಮೀಟರ್ ಎತ್ತರದ ಆ ಜಾಗಕ್ಕೆ ಕಾರಿನಲ್ಲೇ ಹೋಗಬಹುದು, ನಡೆಯಬೇಕಾದ ದಾರಿಯೂ ಚಿಕ್ಕದು. ಕಡುಗೆಂಪು ಮೈ, ಕಪ್ಪು ರೆಕ್ಕೆ, ನಮ್ಮ ಸೂರಕ್ಕಿಯ ಕೊಕ್ಕನ್ನು ಇನ್ನಷ್ಟು ಉದ್ದವಾಗಿ ಎಳೆದು ಬಾಗಿಸಿದಂತಹ ಕಿತ್ತಳೆಗೆಂಪು ಕೊಕ್ಕು: ಇಷ್ಟು ಕಂಡರೆ ಅದು ಇಈವಿಯೇ. ಜೊತೆಯಲ್ಲೇ ಸಿಗುವ ಅಪಪಾನೆಯೂ ಕೆಂಪೇ, ಆದರೆ ಅದರ ಕೊಕ್ಕು ಗಿಡ್ಡ ಮತ್ತು ಕಪ್ಪು, ಬಾಲದ ಬುಡದಲ್ಲಿ ಬಿಳುಪು. ಅಪಪಾನೆ ಹಾರುವಾಗ ರೆಕ್ಕೆಯ ಸದ್ದು ಸ್ಪಷ್ಟವಾಗಿ ಕೇಳುವುದರಿಂದ ಕಣ್ಣಿಗಿಂತ ಮೊದಲು ಕಿವಿಗೇ ಅದು ಸಿಕ್ಕಿಬಿಡುತ್ತದೆ.

ಮಲೆನಾಡ ಸಸ್ಯಾಸಕ್ತ:
ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೂ ಒಂದೇ ದ್ವೀಪಕ್ಕೆ ಸಮಯವಿದ್ದರೆ ನಾನು ದೊಡ್ಡ ದ್ವೀಪವನ್ನೇ (ಬಿಗ್ ಐಲ್ಯಾಂಡ್ ಎಂದು ಕರೆಯುವ ಹವಾಯಿ ದ್ವೀಪ) ಆರಿಸುತ್ತೇನೆ. ಮೌನಾ ಕೆಯಾ ಮತ್ತು ಮೌನಾ ಲೋವಾ ಪರ್ವತಗಳ ನಡುವೆ ಹಾದುಹೋಗುವ ಸ್ಯಾಡಲ್ ರೋಡಿನ ಎರಡೂ ಬದಿಯಲ್ಲಿ ಕಪ್ಪು ಲಾವಾ ಹರಡಿಕೊಂಡಿದೆ. ಹರಿಯುವಾಗ ಲಾವಾ ಬಳಸಿಕೊಂಡು ಹೋದ ಕಡೆಗಳಲ್ಲಿ ಹಳೆಯ ಕಾಡಿನ ತುಣುಕುಗಳು ಹಾಗೆಯೇ ಉಳಿದಿದ್ದು, ಅವನ್ನು ಅಲ್ಲಿನವರು ಕೀಪುಕಾ ಎಂದು ಕರೆಯುತ್ತಾರೆ. ಸುತ್ತ ಹುಲ್ಲುಕಡ್ಡಿಗೂ ಕಷ್ಟವಾದ ಬಂಡೆಯಿದ್ದು, ನಡುವಿನ ಆ ತೋಪಿನೊಳಗೆ ಹಕ್ಕಿಗಳ ಕಲರವ ನಿಲ್ಲದೆ ಸಾಗಿರುವುದನ್ನು ಪ್ರತಿಯೊಬ್ಬ ಪಕ್ಷಿಪ್ರೇಮಿಯೂ ಒಮ್ಮೆ ಕೇಳಬೇಕು.

ಆ ಕಾಡಿನ ಜೀವಾಳ ಓಹಿಯಾ ಮರ. ಅದು ನಮ್ಮ ನೇರಳೆಯ ಕುಟುಂಬಕ್ಕೆ ಸೇರಿದ್ದು. ಕೇಸರಗಳೇ ಕುಚ್ಚುಗಟ್ಟಿದಂತಿರುವ ಅದರ ಕೆಂಪು ಹೂವಿನ ಮಕರಂದ ಈ ಹಕ್ಕಿಗಳಿಗೆ ಮುಖ್ಯ ಆಹಾರ. ಈಗ ಆ ಮರಗಳನ್ನು ಒಂದು ಶಿಲೀಂಧ್ರ ರೋಗ ಲಕ್ಷಗಟ್ಟಲೆ ಒಣಗಿಸಿದೆ, ಮತ್ತು ಅದು ಶೂಗಳಿಗೆ ಅಂಟಿದ ಮಣ್ಣಿನಿಂದಲೂ ಹರಡುತ್ತದೆ. ದಯವಿಟ್ಟು ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಮೊದಲು, ಹಾಗೆಯೇ ಕಾಡಿಗೆ ಹೋಗುವಾಗಲೂ ಹೊರಬರುವಾಗಲೂ, ಶೂಗಳ ಮಣ್ಣನ್ನು ಬ್ರಷ್‌ನಿಂದ ಪೂರ್ತಿ ತೆಗೆದು ಅಡಿಭಾಗಕ್ಕೆ ಶೇಕಡಾ 70ರ ಆಲ್ಕೋಹಾಲ್ ಸಿಂಪಡಿಸಿ. ಇದನ್ನು ಯಾರೂ ಉಪಚಾರದ ಮಾತೆಂದು ತಿಳಿಯಬಾರದು.

ಕುಕ್ಕರಹಳ್ಳಿ ನಡಿಗೆ:
ಇಬ್ಬರಿಗೂ ಧನ್ಯವಾದಗಳು. ಮಗಳು ಕವಾಯಿ ದ್ವೀಪದ ಹೆಸರನ್ನೂ ಹೇಳುತ್ತಿದ್ದಾಳೆ. ಹೊನೊಲುಲುವಿನಲ್ಲಿ ಹೇಗೂ ತಂಗಲೇಬೇಕಾಗಿದೆ, ಅಲ್ಲಿ ನೋಡುವಂಥದ್ದು ಏನೂ ಇಲ್ಲವೇ?

ಕಡಲಂಚು:
ಮೇಡಂ, ಕವಾಯಿಗೆ ಕಡಲಹಕ್ಕಿಗಳಿಗಾಗಿ ಹೋಗಿ. ಕಿಲಾವೆಯಾ ಪಾಯಿಂಟ್‌ನ ದೀಪಸ್ತಂಭದ ಬಳಿ ನಿಂತರೆ ಕೆಂಪುಕಾಲಿನ ಬೂಬಿಗಳನ್ನೂ, ಆ ತಿಂಗಳಲ್ಲಿ ಲೇಸನ್ ಆಲ್ಬಟ್ರಾಸ್‌ಗಳನ್ನೂ ನೋಡಬಹುದು. ಕಾಡುಹಕ್ಕಿಗಳ ವಿಷಯದಲ್ಲಿ ಮಾತ್ರ ಆ ದ್ವೀಪದ ಸ್ಥಿತಿ ಮನಸ್ಸಿಗೆ ನೋವು ತರುತ್ತದೆ. ಅದರ ಅತಿ ಎತ್ತರದ ಶಿಖರವೇ 1600 ಮೀಟರ್ ಮುಟ್ಟುವುದಿಲ್ಲ. ಭೂಮಿ ಬಿಸಿಯಾದಂತೆ ಸೊಳ್ಳೆ ಮೇಲೇರಿದಾಗ ಹಕ್ಕಿಗಳಿಗೆ ಹೋಗಲು ಜಾಗವೇ ಉಳಿಯಲಿಲ್ಲ. 2023ರಲ್ಲಿ ಅಮೆರಿಕ ಸರ್ಕಾರ ಅಳಿದುಹೋದವೆಂದು ಘೋಷಿಸಿದ ಹವಾಯಿಯ 8 ಹಕ್ಕಿಗಳಲ್ಲಿ 4 ಕವಾಯಿಯವು. ಅದೇ ವರ್ಷ ಮಾವಿಯಲ್ಲಿ, ಕಾಡಿನ ಹೆಣ್ಣು ಸೊಳ್ಳೆಗಳೊಂದಿಗೆ ಕೂಡಿದರೂ ಮೊಟ್ಟೆ ಒಡೆಯದಂತೆ ಮಾಡುವ ಬ್ಯಾಕ್ಟೀರಿಯಾ ಹೊತ್ತ ಗಂಡು ಸೊಳ್ಳೆಗಳನ್ನು ಹೆಲಿಕಾಪ್ಟರ್‌ನಿಂದ ಬಿಡುವ ಕೆಲಸ ಆರಂಭವಾಯಿತು. ನನ್ನ ಮಟ್ಟಿಗೆ ಈಗ ಭರವಸೆ ಇಡಬಹುದಾದ ಪ್ರಯತ್ನ ಇದೇ.

ಹೊನೊಲುಲುವನ್ನು ಕಡೆಗಣಿಸಬೇಡಿ. ಕಪಿಯೊಲಾನಿ ಉದ್ಯಾನದ ದೊಡ್ಡ ಮರಗಳ ಕೊಂಬೆಗಳನ್ನು ದುರ್ಬೀನಿನಿಂದ ಒಂದೊಂದಾಗಿ ನೋಡುತ್ತಾ ಬನ್ನಿ. ಅಪ್ಪಟ ಬಿಳಿಯ ವೈಟ್ ಟರ್ನ್ ಗೂಡನ್ನೇ ಕಟ್ಟದೆ ಬರಿಯ ಕೊಂಬೆಯ ಮೇಲಿನ ತಗ್ಗಿನಲ್ಲಿ ಒಂದೇ ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಅದೇ ಉದ್ಯಾನದ ಹುಲ್ಲಿನ ಮೇಲೆ ಓಡಾಡುವ ಪೆಸಿಫಿಕ್ ಗೋಲ್ಡನ್ ಪ್ಲೋವರ್ ನಮ್ಮ ಕರಾವಳಿಗೂ ಚಳಿಗಾಲದಲ್ಲಿ ಬರುವ ಹಕ್ಕಿಯೇ ಆದರೂ, ಅಲ್ಲಿನದು ಅಲಾಸ್ಕಾದಿಂದ ಎಲ್ಲಿಯೂ ಇಳಿಯದೆ ಸಾಗರ ದಾಟಿ, ಪ್ರತಿವರ್ಷ ತನ್ನದೇ ಆದ ಅದೇ ಹುಲ್ಲುಹಾಸಿಗೆ ಮರಳುತ್ತದೆ. ಏಪ್ರಿಲ್ ಕೊನೆಯವರೆಗೂ ಅದು ಅಲ್ಲೇ ಇರುವುದರಿಂದ ಫೆಬ್ರವರಿಯಲ್ಲಿ ನಿಮಗೆ ಖಂಡಿತ ಸಿಗುತ್ತದೆ.